ಒಂದೇ ಬೋರ್‌ವೆಲ್ ನೀರು, ಇಪ್ಪತ್ತು ಮಕ್ಕಳು: ಕ್ಲಸ್ಟರ್ ಸ್ಯಾಂಪಲಿಂಗ್ ಟಿಪ್ಪಣಿ

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಸಿನಾಪ್ಸಿಸ್, ಅಂದರೆ ಥೀಸಿಸ್ ಯೋಜನೆ, ಬರೆಯಲು ಕೂತವರಿಗಾಗಿ ಈ ಟಿಪ್ಪಣಿ. ಕೋಲಾರದಲ್ಲಿ ಓದುವ ನಮ್ಮಲ್ಲಿ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ) ವಿಷಯ ತೆಗೆದುಕೊಳ್ಳುತ್ತಾರೆ. ಸಹಜವೇ ಬಿಡಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆ ಇದು. ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಹಾಗಾಗಿ ಉದಾಹರಣೆಗಳೆಲ್ಲ ಅದೇ ವಿಷಯದವು: ಜಿಲ್ಲೆಯ ಹಳ್ಳಿಗಳಲ್ಲಿ 12 ವರ್ಷದ ಮಕ್ಕಳಲ್ಲಿ ಶೇಕಡಾ ಎಷ್ಟು ಜನರಿಗೆ ಹಲ್ಲಿನ ಫ್ಲೋರೋಸಿಸ್ ಇದೆ? ನಿಮ್ಮದು ರಕ್ತಹೀನತೆಯೋ ಲಸಿಕೆಯೋ ಆಗಿದ್ದರೂ ಲೆಕ್ಕದ ದಾರಿ ಒಂದೇ.

ಸೂತ್ರ

ಸ್ಯಾಂಪಲ್ ಸೈಜ್ = 4 × ಪಿ × ಕ್ಯೂ ÷ (ಡಿ × ಡಿ)

ಸ್ಯಾಂಪಲ್ ಸೈಜ್ ಎಂದರೆ ಒಟ್ಟು ಎಷ್ಟು ಮಕ್ಕಳನ್ನು ನೋಡಬೇಕು ಎಂಬುದು. ಪಿ ಎಂದರೆ ಕಾಯಿಲೆ ಎಷ್ಟು ಜನರಿಗೆ ಇರಬಹುದು ಎಂದು ನಾವು ಅಂದಾಜು ಮಾಡಿದ ಶೇಕಡಾವಾರು. ಕ್ಯೂ ಎಂದರೆ 100ರಲ್ಲಿ ಪಿ ಕಳೆದದ್ದು. ಡಿ ಎಂದರೆ ಎಷ್ಟು ಹೆಚ್ಚುಕಮ್ಮಿ ಆದರೂ ಪರವಾಗಿಲ್ಲ ಅನ್ನುವ ಅಂತರ. 4 ಬಂದದ್ದು 1.96ರ (ಶೇಕಡಾ 95 ವಿಶ್ವಾಸಕ್ಕೆ ಬಳಸುವ ಸಂಖ್ಯೆ) ವರ್ಗದಿಂದ. ಅದು 3.84, ಅದನ್ನೇ 4 ಎಂದು ದುಂಡಗೆ ಮಾಡಿದ್ದಾರೆ. ಪಿ 50, ಡಿ 5 ಇಟ್ಟರೆ 3.84 ಹಾಕಿದವರಿಗೆ ಸುಮಾರು 384, 4 ಹಾಕಿದವರಿಗೆ 400. ಎರಡೂ ಸರಿ. ಯಾವುದನ್ನು ಹಾಕಿದ್ದೀರಿ ಎಂದು ಬರೆದರೆ ಸಾಕು.

ಡಿ ಯಾವ ಡಿ?

ಇಲ್ಲಿ ಒಂದು ಮಾತು ಹೇಳಲೇಬೇಕು. "ಪಿ ಗೊತ್ತಿಲ್ಲದಿದ್ದರೆ 50 ಹಾಕಿ, ಅದೇ ಸೇಫ್" ಎಂದು ಸೀನಿಯರ್‌ಗಳು ಹೇಳುತ್ತಾರೆ. ಡಿ ನೇರ ಅಂತರವಾಗಿದ್ದರೆ, ಅಂದರೆ "5 ಅಂಶ ಆಚೀಚೆ" ಎಂದಿದ್ದರೆ, ಆ ಮಾತು ನಿಜ. ಆದರೆ ಹಳೆಯ ಥೀಸಿಸ್‌ಗಳಲ್ಲಿ "ಪಿಯ 20 ಶೇಕಡಾ" ಎಂಬ ಸಾಪೇಕ್ಷ ಡಿ ಜಾಸ್ತಿ ಕಾಣುತ್ತದೆ. ಆಗ ಕಥೆ ಪೂರ್ತಿ ತಿರುಗುತ್ತದೆ.

ನೇರ ಡಿ 5 ಇದ್ದಾಗ:
ಪಿ 50 → 400
ಪಿ 30 → 336
ಪಿ 10 → 144

ಡಿ ಪಿಯ ಶೇಕಡಾ 20 ಇದ್ದಾಗ:
ಪಿ 50 → ಡಿ 10 → 100
ಪಿ 30 → ಡಿ 6 → 234
ಪಿ 10 → ಡಿ 2 → 900

ನೋಡಿದಿರಾ? ಎರಡನೇ ಪಟ್ಟಿಯಲ್ಲಿ 50 ಹಾಕಿದವರಿಗೇ ಎಲ್ಲಕ್ಕಿಂತ ಚಿಕ್ಕ ಸ್ಯಾಂಪಲ್. ಅಲ್ಲಿ 50 ಸೇಫ್ ಅಲ್ಲವೇ ಅಲ್ಲ. ಕಡಿಮೆ ಜನರಲ್ಲಿ ಇರುವ ಕಾಯಿಲೆಗೆ ಸಾಪೇಕ್ಷ ಡಿ ಹಿಡಿದರೆ ಸ್ಯಾಂಪಲ್ ಊದಿಕೊಳ್ಳುತ್ತದೆ. ವೈವಾದಲ್ಲಿ ಈ ಪ್ರಶ್ನೆ ಕೇಳಿದರೆ ಈ ಎರಡು ಪಟ್ಟಿ ನೆನಪಿರಲಿ.

ಡಿಸೈನ್ ಎಫೆಕ್ಟ್

ಮೇಲಿನ ಸೂತ್ರ ಒಂದು ವಿಷಯವನ್ನು ಸುಮ್ನೆ ಒಪ್ಪಿಕೊಂಡುಬಿಟ್ಟಿದೆ. ಜಿಲ್ಲೆಯ ಎಲ್ಲ ಮಕ್ಕಳ ಹೆಸರು ಬರೆದು, ಚೀಟಿ ಎತ್ತಿ, ಬಂದ ಮಗುವಿನ ಮನೆಗೆ ಹೋಗುತ್ತೇವೆ ಎಂದು. ಯಾರು ಹಾಗೆ ಮಾಡುತ್ತಾರೆ? ಒಂದು ಮಗು ಶ್ರೀನಿವಾಸಪುರದ ಮೂಲೆಯಲ್ಲಿ, ಇನ್ನೊಂದು ಮಾಲೂರಿನ ಆಚೆ. ಆದ್ದರಿಂದ ಮೊದಲು ಊರುಗಳನ್ನು ಆರಿಸಿ, ಆ ಊರಲ್ಲಿ ಒಂದಷ್ಟು ಮಕ್ಕಳನ್ನು ನೋಡುತ್ತೇವೆ. ಆ ಊರೇ ಕ್ಲಸ್ಟರ್.

ತೊಂದರೆ ಏನೆಂದರೆ ಒಂದೇ ಊರಿನ ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ. ಫ್ಲೋರೋಸಿಸ್‌ನಲ್ಲಂತೂ ಕೇಳುವುದೇ ಬೇಡ. ಊರಿಗೆ ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್. ನೀರುಗಂಟಿ ವಾಲ್ವ್ ತಿರುಗಿಸಿದರೆ ಎಲ್ಲ ಮನೆಗೂ ಅದೇ ನೀರು. ಆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಊರಿನ ಹೆಚ್ಚಿನ ಮಕ್ಕಳ ಹಲ್ಲಿನಲ್ಲೂ ಗುರುತು ಸಿಗಬಹುದು. ಪಕ್ಕದ ಊರಿನ ನೀರಿನಲ್ಲಿ ಅರ್ಧ ಮಿಲಿಗ್ರಾಂ ಇದ್ದರೆ ಅಲ್ಲಿ ಕಲೆಯ ಹಲ್ಲು ಅಪರೂಪ. (ಭಾರತೀಯ ಮಾನಕ ಐಎಸ್ 10500 ಪ್ರಕಾರ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡಬಹುದು.)

ಅನ್ನ ಬೆಂದಿದೆಯಾ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಅಲ್ವಾ? ಒಂದೇ ಪಾತ್ರೆಯಿಂದ ಇಪ್ಪತ್ತು ಅಗುಳು ಹಿಸುಕಿದರೂ ಪಕ್ಕದ ಮನೆಯ ಅನ್ನದ ಬಗ್ಗೆ ಏನೂ ತಿಳಿಯುವುದಿಲ್ಲ. ಇಪ್ಪತ್ತನೇ ಮಗು ಕೊಡುವ ಹೊಸ ಸುದ್ದಿ ಬಹಳ ಕಡಿಮೆ. ಆ ನಷ್ಟಕ್ಕೆ ಹಾಕುವ ಲೆಕ್ಕವೇ ಡಿಸೈನ್ ಎಫೆಕ್ಟ್:

ಡಿಸೈನ್ ಎಫೆಕ್ಟ್ = 1 + (ಎಂ − 1) × ರೋ

ಎಂ ಎಂದರೆ ಒಂದು ಊರಲ್ಲಿ ನೋಡುವ ಮಕ್ಕಳ ಸಂಖ್ಯೆ. ರೋ ಎಂದರೆ ಒಂದೇ ಊರಿನವರು ಎಷ್ಟು ಹೋಲುತ್ತಾರೆ ಎಂಬ ಅಳತೆ. ಪುಸ್ತಕಗಳಲ್ಲಿ ಇದನ್ನು ಐಸಿಸಿ (ಇಂಟ್ರಾ ಕ್ಲಸ್ಟರ್ ಕೋರಿಲೇಶನ್) ಎನ್ನುತ್ತಾರೆ. ರೋ 0 ಆದರೆ ಊರಿಗೂ ಕಾಯಿಲೆಗೂ ಸಂಬಂಧವಿಲ್ಲ. 1 ಆದರೆ ಇಡೀ ಊರು ಒಂದೇ ಮಗು ಇದ್ದಂತೆ.

ಈಗ ಜನ ಸಿಕ್ಕಿಕೊಳ್ಳುವ ಜಾಗಕ್ಕೆ ಬಂದೆವು. ಬಹಳಷ್ಟು ಸಿನಾಪ್ಸಿಸ್‌ಗಳಲ್ಲಿ "ಡಿಸೈನ್ ಎಫೆಕ್ಟ್ 2 ಎಂದು ತೆಗೆದುಕೊಳ್ಳಲಾಗಿದೆ" ಎಂಬ ಸಾಲು ಇರುತ್ತದೆ. ಈ 2 ಎಲ್ಲಿಂದ ಬಂತು? ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸರ್ವೆಯಿಂದ. ಹೆಂಡರ್ಸನ್ ಮತ್ತು ಸುಂದರೇಶನ್ 1982ರಲ್ಲಿ ವಿಮರ್ಶಿಸಿ ಬರೆದ ಆ ಪ್ರಸಿದ್ಧ 30 ಕ್ಲಸ್ಟರ್ ವಿಧಾನದ ಲೆಕ್ಕ ಹೀಗಿದೆ: ಪಿ 50, ಡಿ 10, ಸ್ಯಾಂಪಲ್ 96. ಅದಕ್ಕೆ 2ರಿಂದ ಗುಣಿಸಿದರೆ 192. 30 ಊರಿಗೆ ಹಂಚಿದರೆ 6.4, ಅಂದರೆ 7. ಒಟ್ಟು 210 ಮಕ್ಕಳು. ಅಲ್ಲಿ ಎಂ ಬರೀ 7. ಎಂ 7 ಇದ್ದು ಡಿಸೈನ್ ಎಫೆಕ್ಟ್ 2 ಆಗಬೇಕಾದರೆ ರೋ ಆರರಲ್ಲಿ ಒಂದು ಭಾಗ, ಅಂದರೆ ಸುಮಾರು 0.17.

ಆ 2 ಬಂದದ್ದು ಲಸಿಕೆಗೆ, ಊರಿಗೆ ಏಳು ಮಕ್ಕಳಿಗೆ. ಅದನ್ನೇ ಎತ್ತಿಕೊಂಡು ಊರಿಗೆ ಇಪ್ಪತ್ತು ಮಕ್ಕಳ ಫ್ಲೋರೋಸಿಸ್ ಸರ್ವೆಗೆ ಹಾಕಿದರೆ ಲೆಕ್ಕ ನಿಲ್ಲುವುದಿಲ್ಲ. ಎಂ ಬದಲಾದರೆ ಡಿಸೈನ್ ಎಫೆಕ್ಟ್ ಬದಲಾಗಲೇಬೇಕು.

ಲೆಕ್ಕ ಕಲಿಯಲು ರೋ 0.3 ಎಂದು ಇಟ್ಟುಕೊಳ್ಳೋಣ. ಇದು ಉದಾಹರಣೆಗೆ ಮಾತ್ರ. ಒಟ್ಟು 600 ಮಕ್ಕಳನ್ನು ನೋಡುವಷ್ಟು ಶಕ್ತಿ ಇದೆ ಅಂದುಕೊಳ್ಳಿ.

15 ಊರು × 40 ಮಕ್ಕಳು: ಡಿಸೈನ್ ಎಫೆಕ್ಟ್ 12.7, ನಿಜವಾದ ತೂಕ (600 ÷ ಡಿಸೈನ್ ಎಫೆಕ್ಟ್) 47 ಮಕ್ಕಳದ್ದು
30 ಊರು × 20 ಮಕ್ಕಳು: ಡಿಸೈನ್ ಎಫೆಕ್ಟ್ 6.7, ನಿಜವಾದ ತೂಕ 90
60 ಊರು × 10 ಮಕ್ಕಳು: ಡಿಸೈನ್ ಎಫೆಕ್ಟ್ 3.7, ನಿಜವಾದ ತೂಕ 162

ಮೂರು ಕಡೆಯೂ 600 ಬಾಯಿ ನೋಡಿದ್ದೇವೆ. ಸಿಕ್ಕ ಮಾಹಿತಿಯಲ್ಲಿ ಮಾತ್ರ ಮೂರು ಪಟ್ಟನ್ನೂ ಮೀರಿದ ವ್ಯತ್ಯಾಸ.

ಇನ್ನೂ ಒಂದು ರೀತಿ ನೋಡಿ. ಇದು ನನ್ನ ಇಷ್ಟದ ಲೆಕ್ಕ. ಒಂದು ಊರು ಎಷ್ಟು ಮಕ್ಕಳ ಮಾಹಿತಿ ಕೊಡಬಲ್ಲದು? ಎಂ ಅನ್ನು ಡಿಸೈನ್ ಎಫೆಕ್ಟ್‌ನಿಂದ ಭಾಗಿಸಿ. 5 ಮಕ್ಕಳನ್ನು ನೋಡಿದರೆ 2.27. 10 ನೋಡಿದರೆ 2.70. 20 ನೋಡಿದರೆ 2.99. 40 ನೋಡಿದರೆ 3.15. ಊರಿನ ಎಲ್ಲರ ಹಲ್ಲು ನೋಡಿದರೂ 1 ÷ ರೋ, ಅಂದರೆ 3.33 ದಾಟುವುದಿಲ್ಲ. ಆಮೇಲೆ ಎಷ್ಟು ಬೆವರು ಹರಿಸಿದರೂ ಅಷ್ಟೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಒಂದು ಹಳ್ಳಿಯಲ್ಲಿ 22 ಮನೆ ಆರಿಸಿ ಮುಂದಿನ ಹಳ್ಳಿಗೆ ಹೋದದ್ದರ ಹಿಂದೆಯೂ ಇದೇ ಬಗೆಯ ಲೆಕ್ಕ.

ಈಗ ನಮ್ಮ ಥೀಸಿಸ್ ಲೆಕ್ಕ ಮಾಡೋಣ. ಪಿ 30, ಡಿ 10, ರೋ 0.3, ಶೇಕಡಾ 10 ಮಕ್ಕಳು ಸಿಗದೇ ಹೋಗಬಹುದು. ಮೂಲ ಸ್ಯಾಂಪಲ್ 84.

ಊರಿಗೆ 5: 84 × 2.2 = 185. ಸಿಗದವರನ್ನು ಸೇರಿಸಿದರೆ 206. 42 ಊರು.
ಊರಿಗೆ 10: 84 × 3.7 = 311. ಸೇರಿಸಿದರೆ 346. 35 ಊರು.
ಊರಿಗೆ 20: 84 × 6.7 = 563. ಸೇರಿಸಿದರೆ 626. 32 ಊರು.

(ಸಿಗದವರಿಗಾಗಿ 0.9ರಿಂದ ಭಾಗಿಸಬೇಕು, 1.1ರಿಂದ ಗುಣಿಸಬಾರದು. ಹಾಗೆ ಗುಣಿಸಿದರೆ ಸ್ವಲ್ಪ ಕಮ್ಮಿ ಬರುತ್ತದೆ.)

ಹತ್ತರಿಂದ ಇಪ್ಪತ್ತಕ್ಕೆ ಹೋದರೆ ಉಳಿಯುವುದು ಮೂರು ಊರು, ಹೆಚ್ಚಾಗುವುದು 280 ಮಕ್ಕಳು. ಲಾಭವಿಲ್ಲ. ಹತ್ತರಿಂದ ಐದಕ್ಕೆ ಇಳಿದರೆ ಏಳು ಊರು ಜಾಸ್ತಿ. ಮುಳಬಾಗಿಲಿನ ಒಳಗಿನ ಹಳ್ಳಿಗೆ ದಿನಕ್ಕೆ ಒಂದೋ ಎರಡೋ ಬಸ್ಸು ಇರುವಾಗ ಖರ್ಚು ಇರುವುದು ಓಡಾಟದಲ್ಲಿ. ಹಲ್ಲು ನೋಡಲು ಕೆಲವೇ ನಿಮಿಷ. ಆದ್ದರಿಂದ ನನ್ನ ಮತ 35 × 10ಕ್ಕೆ. ಗೈಡ್ ಗಾಡಿ ಕೊಡಿಸಿದರೆ 42 × 5 ಯೋಚಿಸಬಹುದು.

ರೋ ಎಲ್ಲಿ ಸಿಗುತ್ತದೆ? ಹಿಂದಿನ ಅಧ್ಯಯನದಲ್ಲಿ ಕೊಟ್ಟಿದ್ದರೆ ಸುಲಭ. ಇಲ್ಲದಿದ್ದರೆ ಪೈಲಟ್, ಅಂದರೆ ಚಿಕ್ಕ ಪ್ರಾಯೋಗಿಕ ಸರ್ವೆ, ಮಾಡಬೇಕು. ದೊಡ್ಡ ಸಮೀಕ್ಷೆಗಳ ವರದಿಯ ಕೊನೆಯಲ್ಲಿ ಸ್ಯಾಂಪ್ಲಿಂಗ್ ಎರರ್ ಪಟ್ಟಿಯಲ್ಲಿ "ಡೆಫ್ಟ್" ಎಂಬ ಕಾಲಂ ಇರುತ್ತದೆ. ಅದು ಡಿಸೈನ್ ಎಫೆಕ್ಟ್ ಅಲ್ಲ, ಅದರ ವರ್ಗಮೂಲ. ಡೆಫ್ಟ್ 1.5 ಎಂದಿದ್ದರೆ ನಮಗೆ ಬೇಕಾದದ್ದು 2.25.

ಊರು ಆರಿಸುವುದು

ಚಿಕ್ಕ ಊರು, ದೊಡ್ಡ ಊರು ಎಲ್ಲಕ್ಕೂ ಒಂದೊಂದು ಚೀಟಿ ಹಾಕಿದರೆ ದೊಡ್ಡ ಊರಿನ ಮಗುವಿಗೆ ಅನ್ಯಾಯ. ಅದಕ್ಕೇ ಜನಸಂಖ್ಯೆಗೆ ತಕ್ಕಂತೆ ಅವಕಾಶ ಕೊಡುತ್ತೇವೆ. ಇದೇ ಪಿಪಿಎಸ್ (ಪ್ರಾಬಬಿಲಿಟಿ ಪ್ರೊಪೋರ್ಷನಲ್ ಟು ಸೈಜ್). ಹೆಸರು ದೊಡ್ಡದು, ಕೆಲಸ ಕೂಡುವ ಲೆಕ್ಕ ಅಷ್ಟೇ. ಆರು ಊರು ಇವೆ, ಮೂರು ಬೇಕು ಎಂದುಕೊಳ್ಳಿ.

ಅ: ಜನ 620, ಕೂಡಿದ ಮೊತ್ತ 620
ಆ: 1480, ಮೊತ್ತ 2100
ಇ: 350, ಮೊತ್ತ 2450
ಈ: 2900, ಮೊತ್ತ 5350
ಉ: 910, ಮೊತ್ತ 6260
ಊ: 1240, ಮೊತ್ತ 7500

7500 ÷ 3 = 2500. ಇದು ನೆಗೆತ. 1ರಿಂದ 2500ರ ಒಳಗೆ ಒಂದು ಸಂಖ್ಯೆ ಯಾದೃಚ್ಛಿಕವಾಗಿ ಬೇಕು. ಜೇಬಿನ ನೋಟು ತೆಗೆದು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. 2500 ದಾಟಿದರೆ ಬೇರೆ ನೋಟು. 1730 ಬಂತು ಎನ್ನಿ. ಅದು 620 ದಾಟಿ 2100ರ ಒಳಗೆ ಇದೆ, ಹಾಗಾಗಿ 'ಆ' ಊರು. 1730ಕ್ಕೆ 2500 ಸೇರಿಸಿದರೆ 4230, ಅದು 'ಈ' ಊರು. ಮತ್ತೆ ಸೇರಿಸಿದರೆ 6730, ಅದು 'ಊ' ಊರು. ಮುಗಿಯಿತು.

ಬದಲಿಗೆ 2460 ಬಂದಿದ್ದರೆ? 2460 ಮತ್ತು 4960 ಎರಡೂ 'ಈ' ಎಂಬ ಊರಿನೊಳಗೇ ಬೀಳುತ್ತವೆ. ಗಾಬರಿ ಬೇಡ, ಮತ್ತೆ ಚೀಟಿ ಎತ್ತುವುದೂ ಬೇಡ. 'ಈ' ಎಂಬ ಊರಲ್ಲೇ ಎರಡು ಕ್ಲಸ್ಟರ್, ಅಂದರೆ 20 ಮಕ್ಕಳು. ನೆಗೆತಕ್ಕಿಂತ ದೊಡ್ಡ ಊರಿಗೆ ಇದು ಆಗುತ್ತಲೇ ಇರುತ್ತದೆ.

ದೊಡ್ಡ ಊರು ಆಯ್ಕೆಯಾಗುವ ಅವಕಾಶ ಜಾಸ್ತಿ, ಆದರೆ ಅಲ್ಲಿ ಹತ್ತೇ ಮಕ್ಕಳು, ಹಾಗಾಗಿ ಒಂದೊಂದು ಮಗುವಿನ ಅವಕಾಶ ಕಮ್ಮಿ. ಚಿಕ್ಕ ಊರಲ್ಲಿ ಉಲ್ಟಾ. ಗುಣಿಸಿದರೆ ಊರಿನ ಗಾತ್ರ ಮೇಲೆ ಕೆಳಗೆ ಹೊಡೆದುಹೋಗಿ ಎಲ್ಲ ಮಕ್ಕಳಿಗೂ ಸರಿಸುಮಾರು ಒಂದೇ ಅವಕಾಶ ಉಳಿಯುತ್ತದೆ. ಇದು ನಡೆಯುವುದು ಪ್ರತಿ ಕ್ಲಸ್ಟರ್‌ನಲ್ಲೂ ಒಂದೇ ಸಂಖ್ಯೆಯ ಮಕ್ಕಳನ್ನು ತೆಗೆದುಕೊಂಡಾಗ ಮಾತ್ರ. "ದೊಡ್ಡ ಊರು, ಇನ್ನೊಂದು ಹತ್ತು ಮಕ್ಕಳನ್ನು ನೋಡಿಬಿಡೋಣ" ಎಂದರೆ ಕೆಡುತ್ತದೆ.

350 ಜನರ ಊರಲ್ಲಿ 12 ವರ್ಷದ ಹತ್ತು ಮಕ್ಕಳು ಸಿಗುವುದು ಕಷ್ಟ. ಅಂಥ ಊರನ್ನು ಪಟ್ಟಿ ಮಾಡುವಾಗಲೇ ಪಕ್ಕದ ಊರಿನ ಜೊತೆ ಸೇರಿಸಿಡಿ. ಆಯ್ಕೆ ಆದ ಮೇಲೆ ಸೇರಿಸಬಾರದು. ಇನ್ನು ಶಾಲೆಯನ್ನೇ ಕ್ಲಸ್ಟರ್ ಮಾಡಬಾರದೇ ಎಂದು ಕೇಳುತ್ತಾರೆ. ಮಾಡಬಹುದು. ಆದರೆ ಹೋಬಳಿ ಶಾಲೆಗೆ ನಾಲ್ಕೈದು ಊರಿನ ಮಕ್ಕಳು ಬರುತ್ತಾರೆ, ನೀರು ಬೇರೆ ಬೇರೆ. ರೋ ಕಮ್ಮಿ ಆಗುತ್ತದೆ, ಅದು ಒಳ್ಳೆಯದೇ. ಮಗು ಯಾವ ನೀರು ಕುಡಿಯಿತು ಎಂಬ ಲೆಕ್ಕ ಮಾತ್ರ ಕಲಸಿಹೋಗುತ್ತದೆ. ಶಾಲೆ ಬಿಟ್ಟ ಮಕ್ಕಳೂ ತಪ್ಪಿಹೋಗುತ್ತಾರೆ. ಊರು ಹಿಡಿದು, ಆಶಾ ಕಾರ್ಯಕರ್ತೆಯ ಮನೆಪಟ್ಟಿ ನೋಡುವುದು ವಾಸಿ.

ಉಳಿದದ್ದು

ಹಲ್ಲಿನ ಫ್ಲೋರೋಸಿಸ್ ಎಷ್ಟಿದೆ ಎಂದು ಅಳೆಯುವ ಡೀನ್ ಸೂಚಿಯಲ್ಲಿ ಹೆಚ್ಚು ಕೆಟ್ಟಿರುವ ಎರಡು ಹಲ್ಲು ನೋಡಿ ಅಂಕ ಕೊಡುತ್ತೇವೆ. ಎರಡೂ ಒಂದೇ ಸಮ ಇಲ್ಲದಿದ್ದರೆ ಕಡಿಮೆ ಕೆಟ್ಟಿರುವ ಹಲ್ಲಿನ ಅಂಕ.

ನೀರಿನ ಸ್ಯಾಂಪಲ್ ತರುವವರು ಒಂದು ಗಮನಿಸಿ. ಹಲ್ಲಿನ ಎನಾಮಲ್‌ಗೆ ಕಲೆ ಬೀಳುವುದು ಅದು ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. 12 ವರ್ಷದ ಮಗುವಿನ ಹಲ್ಲು ಹೇಳುವುದು ನಾಲ್ಕು ವರ್ಷಕ್ಕೂ ಹಿಂದಿನ ನೀರಿನ ಕಥೆ. ಈ ನಡುವೆ ಊರಿಗೆ ನಾಣ್ಯ ಹಾಕುವ ಶುದ್ಧ ನೀರಿನ ಘಟಕ ಬಂದಿರಬಹುದು. 2018ರಿಂದ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗಳಿಗೆ ಹರಿದು ಅಂತರ್ಜಲ ಮೇಲೆ ಬಂದ ಕಡೆ ಬೋರ್‌ವೆಲ್ ಕೂಡ ಹಳೆಯದಲ್ಲದಿರಬಹುದು. ಇವತ್ತಿನ ನೀರು ಪರೀಕ್ಷಿಸಿ ಹಲ್ಲಿಗೆ ನೇರ ಗಂಟು ಹಾಕಬೇಡಿ. ಯಾವ ವರ್ಷದಿಂದ ಯಾವ ನೀರು ಎಂದು ತಾಯಂದಿರನ್ನೂ ನೀರುಗಂಟಿಯನ್ನೂ ಕೇಳುವ ಒಂದು ಪುಟ ಪ್ರಶ್ನಾವಳಿಯಲ್ಲಿ ಇರಲಿ.

ಎಥಿಕ್ಸ್ ಕಮಿಟಿಗೆ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 7ರಿಂದ 12ರವರೆಗೆ ಬಾಯಿಮಾತಿನದು, 12 ದಾಟಿದರೆ ಬರಹದ್ದು. ನಮ್ಮ ವಯಸ್ಸು ಗಡಿಯ ಮೇಲೇ ಇರುವುದರಿಂದ ಎಲ್ಲರಿಂದಲೂ ಬರಹದಲ್ಲೇ ತೆಗೆದುಕೊಳ್ಳುವುದು ಸುಲಭ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಇರುವ ಮನೆಗಳು ಬಹಳ. ಒಪ್ಪಿಗೆ ಪತ್ರದ ತೆಲುಗು ಪ್ರತಿಯನ್ನೂ ಮೊದಲೇ ಸೇರಿಸಿ ಕಳುಹಿಸಿ, ಇಲ್ಲದಿದ್ದರೆ ತಿದ್ದುಪಡಿಗೆಂದು ಫೈಲು ವಾಪಸ್ ಬರಬಹುದು.

ವಿಶ್ಲೇಷಣೆ ಮಾಡುವಾಗ ಡೇಟಾ ಶೀಟಿನಲ್ಲಿ ಊರಿನ ಸಂಖ್ಯೆಗೆ ಒಂದು ಕಾಲಂ ಇರಲೇಬೇಕು. ಸಾದಾ ಕೈ ಸ್ಕ್ವೇರ್ ಪರೀಕ್ಷೆ (ಗುಂಪುಗಳ ನಡುವಿನ ವ್ಯತ್ಯಾಸ ನೋಡುವ ಲೆಕ್ಕ) ಒತ್ತಿದರೆ ಸಾಫ್ಟ್‌ವೇರ್ 346 ಮಕ್ಕಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಪಿ ವ್ಯಾಲ್ಯೂ (ಮೇಲಿನ ಪಿ ಅಲ್ಲ; ನಿಜದಲ್ಲಿ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಸುಳ್ಳೇ ಚಿಕ್ಕದಾಗುತ್ತದೆ. ಸರ್ವೆ ಅಥವಾ ಕಾಂಪ್ಲೆಕ್ಸ್ ಸ್ಯಾಂಪಲ್ ಆಯ್ಕೆಗೆ ಹೋಗಿ ಆ ಕಾಲಂ ಅನ್ನು ಕ್ಲಸ್ಟರ್ ಎಂದು ತೋರಿಸಿ. ಬಂದ ಡಿಸೈನ್ ಎಫೆಕ್ಟ್ ಅನ್ನು ಫಲಿತಾಂಶದ ಪಟ್ಟಿಯಲ್ಲಿ ಹಾಕಿ. ಮುಂದಿನ ಬ್ಯಾಚಿನವರು ರೋ ಹುಡುಕುವುದು ಅಲ್ಲೇ.