2 ಸೀಟು, 74 ಸೀಟು: ತೂಕ ಒಂದೇ!

ಚುನಾವಣೆ ಫಲಿತಾಂಶದ ದಿನ ಟಿವಿ ನೋಡುತ್ತಾ ‘ಇವರಿಗೆ ಎರಡೇ ಸೀಟು, ಇವರೇನು ಮಾಡಿಯಾರು’ ಎನ್ನುವವರು ಜಾಸ್ತಿ. ಅಂಥವರಿಗೆ 1963ರ ನಾರ್ವೆಯ ಕಥೆ ಹೇಳಬೇಕು.

ನಾರ್ವೆಯ ಸಂಸತ್ತಿನ ಹೆಸರು ಸ್ಟೋರ್ಟಿಂಗ್. ಆಗ ಅದರಲ್ಲಿ 150 ಸ್ಥಾನ. 1961ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ 74 ಸಿಕ್ಕಿತು. ಎದುರಿನ ನಾಲ್ಕು ಪಕ್ಷಗಳನ್ನು ಕೂಡಿಸಿದರೂ ಸರಿಯಾಗಿ 74. ಮಿಕ್ಕ 2 ಸೋಷಲಿಸ್ಟ್ ಪೀಪಲ್ಸ್ ಪಾರ್ಟಿಯದು. ವಿದೇಶಾಂಗ ನೀತಿಯ ಬಗ್ಗೆ ಜಗಳವಾಡಿ ಲೇಬರ್‌ನಿಂದ ಹೊರಬಿದ್ದವರು ಅದೇ ವರ್ಷ ಕಟ್ಟಿದ ಪಕ್ಷ ಅದು.

ಬಹುಮತ ಇಲ್ಲದಿದ್ದರೂ ಐನಾರ್ ಗೆರ್ಹಾರ್ಡ್‌ಸೆನ್ ಅವರ ಲೇಬರ್ ಸರ್ಕಾರ ಮುಂದುವರಿಯಿತು. ಇದರಲ್ಲಿ ಕಳ್ಳಾಟವೇನೂ ಇಲ್ಲ. ರಾಜ್ಯಪಾಲರು ‘ಬಹುಮತ ಸಾಬೀತುಪಡಿಸಿ’ ಅನ್ನುವುದನ್ನು ಕೇಳಿ ಕೇಳಿ ನಮಗೆ ಅದೇ ನಿಯಮ ಅನ್ನಿಸಿಬಿಟ್ಟಿದೆ. ನಾರ್ವೆಯಲ್ಲಿ ದೊರೆ ನೇಮಿಸಿದ ಸರ್ಕಾರ ವಿಶ್ವಾಸಮತ ಕೇಳಲೇಬೇಕೆಂದಿಲ್ಲ. ಸದನದ ಬಹುಮತ ‘ಬೇಡ’ ಅನ್ನುವ ತನಕ ಕೂತಿರಬಹುದು. ಅವಧಿಗೆ ಮೊದಲೇ ಸಂಸತ್ತು ವಿಸರ್ಜಿಸಿ ಚುನಾವಣೆಗೆ ಹೋಗುವ ದಾರಿಯೂ ಅಲ್ಲಿಲ್ಲ.

‘ಬೇಡ’ ಅನ್ನುವ ಕಾರಣ ಹುಟ್ಟಿದ್ದು ಗಣಿಯೊಳಗೆ. 1962ರ ನವೆಂಬರ್ 5ರಂದು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಎಂಬಲ್ಲಿ ಕಲ್ಲಿದ್ದಲು ಗಣಿ ಸ್ಫೋಟಿಸಿ 21 ಜನ ಸತ್ತರು. ಗಣಿ ‘ಕಿಂಗ್ಸ್ ಬೇ’ ಎಂಬ ಸರ್ಕಾರಿ ಕಂಪನಿಯದು. ಅದಕ್ಕೂ ಮೊದಲು ಅಲ್ಲಿ ದೊಡ್ಡ ಸ್ಫೋಟಗಳಾಗಿದ್ದವು. (ಊರಿನ ಹೆಸರು ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಗಣಿ ನಿಂತ ಮೇಲೆ ಅದು ವಿಜ್ಞಾನಿಗಳ ಊರಾಯಿತು. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವೂ 2008ರಿಂದ ಅಲ್ಲೇ ಇದೆ.) ತನಿಖಾ ವರದಿ ಬಂತು, ಕೈಗಾರಿಕಾ ಸಚಿವರು ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅವಿಶ್ವಾಸ ನಿರ್ಣಯಕ್ಕೆ ಆ ಇಬ್ಬರು ಸೋಷಲಿಸ್ಟರೂ ಕೈ ಸೇರಿಸಿದರು. 76ಕ್ಕೆ 74. ಸರ್ಕಾರ ಬಿತ್ತು.

ಆಗಸ್ಟ್ 28ರಂದು ಕನ್ಸರ್ವೇಟಿವ್ ಪಕ್ಷದ ಜಾನ್ ಲ್ಯೂಂಗ್ ನಾಲ್ಕು ಪಕ್ಷಗಳ ಸರ್ಕಾರ ರಚಿಸಿದರು. ಸೆಪ್ಟೆಂಬರ್ 25ಕ್ಕೆ ಅದರ ಕಥೆ ಮುಗಿಯಿತು. ಬೀಳಿಸಿದವರು ಅದೇ ಇಬ್ಬರು, ಈ ಸಲ ಲೇಬರ್ ಜೊತೆ ನಿಂತು.

ನನಗೆ ರಾಜಕೀಯಕ್ಕಿಂತ ಇದರ ಹಿಂದಿನ ಲೆಕ್ಕ ಇಷ್ಟ. ಮೂವರ ಹೆಸರಲ್ಲಿ ಒಂದು ಜಂಟಿ ಖಾತೆ ಇದೆ ಅಂದುಕೊಳ್ಳಿ. ಚೆಕ್ಕಿಗೆ ಯಾರಾದರೂ ಇಬ್ಬರ ಸಹಿ ಬೇಕು. ಯಾರು ಎಷ್ಟು ದುಡ್ಡು ಹಾಕಿದ್ದಾರೆ ಅಂತ ಬ್ಯಾಂಕಿನವರು ಕೇಳುತ್ತಾರಾ? ಇಲ್ಲ. ಸ್ಟೋರ್ಟಿಂಗ್‌ನಲ್ಲೂ ಹಾಗೇ, ಮೂರೇ ಗುಂಪು: ಲೇಬರ್, ನಾಲ್ಕು ಪಕ್ಷಗಳ ಕೂಟ, ಇಬ್ಬರು ಸೋಷಲಿಸ್ಟರು. ಗೆಲ್ಲಲು 76 ಬೇಕು. ಒಬ್ಬರಿಂದ ಆಗದು, ಯಾವ ಇಬ್ಬರು ಸೇರಿದರೂ ಆಗುತ್ತದೆ.

ಈ ಬಲವನ್ನು ಅಳೆಯುವ ವಿಧಾನವನ್ನು 1954ರಲ್ಲಿ ಗಣಿತಜ್ಞ ಲಾಯ್ಡ್ ಶೇಪ್ಲಿ ಮತ್ತು ಅರ್ಥಶಾಸ್ತ್ರಜ್ಞ ಮಾರ್ಟಿನ್ ಶುಬಿಕ್ ಕೊಟ್ಟರು. ಗುಂಪುಗಳು ಒಂದರ ಹಿಂದೆ ಒಂದು ಬಂದು ಸೇರುತ್ತವೆ ಅಂದುಕೊಳ್ಳಿ. ಯಾರು ಬಂದಾಗ ಬಹುಮತ ತುಂಬುತ್ತದೋ ಅವರೇ ನಿರ್ಣಾಯಕರು. ಮೂರು ಗುಂಪು 6 ರೀತಿಯಲ್ಲಿ ಬರಬಹುದು. ಪ್ರತಿ ಸಲವೂ ಬಹುಮತ ತುಂಬುವುದು ಎರಡನೆಯವರಿಂದ. 6ರಲ್ಲಿ 2 ಸಲ ಲೇಬರ್ ಎರಡನೆಯದು, 2 ಸಲ ನಾಲ್ವರ ಕೂಟ, 2 ಸಲ ಆ ಪುಟ್ಟ ಪಕ್ಷ. ಮೂವರಿಗೂ ಮೂರನೇ ಒಂದು ಪಾಲು ಬಲ! ಹೀಗೆ ಸಹಕಾರದ ಲೆಕ್ಕ ಹಾಕಿದ ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ತಕರಾರು ಇದೆ. ಯಾರು ಯಾರ ಜೊತೆ ಬೇಕಾದರೂ ಸೇರಬಹುದು ಅಂತ ಈ ಲೆಕ್ಕ ಹಿಡಿಯುತ್ತದೆ. ಅಲ್ಲಿ ಹಾಗಿರಲಿಲ್ಲ. ಸೋಷಲಿಸ್ಟರಿಗೆ ಲೇಬರ್ ಮೇಲೆ ಸಿಟ್ಟಿತ್ತು, ಬಲಪಂಥದ ಮೇಲೆ ಪ್ರೀತಿಯೇನೂ ಇರಲಿಲ್ಲ. ಬೀಳಿಸುವುದಕ್ಕೆ ಒಂದು ದಿನದ ಒಪ್ಪಂದ ಸಾಕು. ಉಳಿಸುವುದಕ್ಕೆ ದಿನಾ ಒಪ್ಪಬೇಕು. ಲ್ಯೂಂಗ್ ಸರ್ಕಾರಕ್ಕೆ ಮೊದಲನೆಯದು ಸಿಕ್ಕಿತು, ಎರಡನೆಯದು ಸಿಗಲಿಲ್ಲ.

ಆ ನಾಲ್ಕು ವಾರ ವ್ಯರ್ಥ ಎನ್ನುವವರನ್ನು ನಾನು ಒಪ್ಪಲ್ಲ. ನಾಲ್ಕು ಪಕ್ಷಗಳು ಒಂದೇ ಸಂಪುಟದಲ್ಲಿ ಕೂರಬಲ್ಲವು ಅಂತ ಜನ ಕಣ್ಣಾರೆ ಕಂಡರು. 1965ರ ಚುನಾವಣೆಯಲ್ಲಿ ಅವಕ್ಕೆ ಒಟ್ಟು 80 ಸ್ಥಾನ ಬಂತು. ಪೆರ್ ಬೋರ್ಟೆನ್ ಪ್ರಧಾನಿಯಾದರು, ಲ್ಯೂಂಗ್ ವಿದೇಶಾಂಗ ಸಚಿವರಾದರು. ಲೇಬರ್ 68ಕ್ಕೆ ಇಳಿಯಿತು. ಸೋಷಲಿಸ್ಟರಿಗೆ ಈ ಸಲವೂ ಅದೇ 2 ಸೀಟು. ಆದರೆ 80, 68, 2 ಇಟ್ಟುಕೊಂಡು ಶೇಪ್ಲಿ ಲೆಕ್ಕ ಮತ್ತೆ ಮಾಡಿ ನೋಡಿ: ಅವರ ಬಲ ಸೊನ್ನೆ. 68 ಸೀಟಿನ ಲೇಬರ್‌ನದೂ ಸೊನ್ನೆ.