ಜಾಲಿ ಮರಕ್ಕೊಂದು ಕೈಗೊಡಲಿ

ಚೆನ್ನಾಗಿ ಒಣಗಿದ ಜಾಲಿ ತುಂಡಿಗೆ ಸಣ್ಣ ಕೊಡಲಿಯಿಂದ ಒಂದೇಟು ಹೊಡೆದು ನೋಡಿ. ಮರಕ್ಕೆ ಹೊಡೆದ ಹಾಗೆ ಇರುವುದಿಲ್ಲ. ಟಣ್ ಅಂತ ಸದ್ದಾಗುತ್ತದೆ, ಮೊಣಕೈವರೆಗೂ ಜುಮ್ಮೆನ್ನುತ್ತದೆ. ತುಂಡಿನ ಮೇಲೆ ಒಂದು ಗೀರು ಬಿದ್ದಿರುತ್ತದೆ, ಅಷ್ಟೇ.

ಹೊಳಲ್ಕೆರೆ ಹತ್ತಿರ ಗೆಳೆಯರೊಬ್ಬರ ತೋಟದಲ್ಲಿ ಟೆಂಟ್ ಹಾಕಿದ್ದ ರಾತ್ರಿ ನನಗೆ ಆಗಿದ್ದು ಇದೇ. ಆನ್‌ಲೈನ್‌ನಲ್ಲಿ ತರಿಸಿದ್ದ ಅರ್ಧ ಕೆಜಿಯ ಚೆಂದದ ಕೊಡಲಿ. ಹತ್ತು ಹನ್ನೆರಡು ಏಟಿಗೇ ಅದರ ಬಾಯಿಂದ ಅಕ್ಕಿಕಾಳಿನಷ್ಟು ಚಕ್ಕೆ ಹಾರಿಹೋಯಿತು. ಆಗ ತೋಟ ನೋಡಿಕೊಳ್ಳುವ ಅಜ್ಜ ಬಂದರು. ನನ್ನ ಕೈಯಿಂದ ಅದೇ ಕೊಡಲಿ ತಗೊಂಡರು. ತುಂಡನ್ನು ನೆಟ್ಟಗೆ ನಿಲ್ಲಿಸಿದರು. ತಲೆಯ ಮೇಲೆ ಕೂದಲೆಳೆಯಷ್ಟು ಬಿರುಕು ಇತ್ತು. ಕೊಡಲಿಯ ಬಾಯನ್ನು ಅದರ ಮೇಲಿಟ್ಟು, ಹಿಂಬದಿಗೆ ಇನ್ನೊಂದು ಕಟ್ಟಿಗೆಯಿಂದ ನಾಲ್ಕು ಸಲ ಬಡಿದರು. ತುಂಡು ಎರಡಾಯಿತು. "ಬೀಸಬ್ಯಾಡ್ರೀ, ಬೆಣಿ ಹೊಡದಂಗ ಹೊಡೀರಿ" ಅಂದರು.

ಹಗುರ ಕೊಡಲಿಯ ವಿಜ್ಞಾನವೆಲ್ಲ ಆ ಒಂದು ಮಾತಿನಲ್ಲಿದೆ.

ಕೊಡಲಿ ಅಂದರೆ ಕಾವು, ಅಂದರೆ ಮರದ ಹಿಡಿ, ಹಾಕಿದ ಬೆಣೆ. ಮೇಲಿನಿಂದ ಕೊಟ್ಟ ಬಲವನ್ನು ಅದು ಎರಡು ಪಕ್ಕಕ್ಕೆ ತಳ್ಳುವ ಬಲ ಮಾಡುತ್ತದೆ. ಬೆಣೆ ತೆಳುವಾದಷ್ಟೂ ಸುಲಭವಾಗಿ ಒಳಗೆ ಹೋಗುತ್ತದೆ, ದಪ್ಪವಾದಷ್ಟೂ ಜಾಸ್ತಿ ಅಗಲಿಸುತ್ತದೆ. ಇನ್ನು ಮರದ ಕಡೆ ನೋಡೋಣ. ಮರ ಅಂದರೆ ಉದ್ದುದ್ದ ಸಣ್ಣ ಕೊಳವೆಗಳ ಕಟ್ಟು. ಅವುಗಳನ್ನು ಒಂದಕ್ಕೊಂದು ಅಂಟಿಸಿರುವುದು ಲಿಗ್ನಿನ್ ಎಂಬ ವಸ್ತು. ಅಡ್ಡಕ್ಕೆ ಕಡಿದರೆ ಪ್ರತಿ ಎಳೆಯನ್ನೂ ತುಂಡರಿಸಬೇಕು. ಉದ್ದಕ್ಕೆ ಸೀಳಿದರೆ ಅಂಟನ್ನು ಬಿಡಿಸಿದರೆ ಸಾಕು. ಎರಡಕ್ಕೂ ಬೇಕಾದ ಬಲದಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ. ಒಣಗುವಾಗ ಮರವೇ ಬಿರುಕು ಬಿಟ್ಟು, ಎಲ್ಲಿ ಸೀಳಬೇಕೆಂದು ತೋರಿಸಿಕೊಡುತ್ತದೆ.

ಬೀಸಿ ಕಡಿಯುವುದು ಯಾಕೆ ಆಗಲಿಲ್ಲ? ಲೆಕ್ಕ ಹಾಕಿ ನೋಡೋಣ. ಚಲಿಸುವ ವಸ್ತುವಿನ ಶಕ್ತಿ ಅಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 600 ಗ್ರಾಂ ತಲೆಯ ಸಣ್ಣ ಕೊಡಲಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂತು ಅಂದುಕೊಳ್ಳಿ. ಸುಮಾರು 19 ಜೌಲ್ ಆಯಿತು. ಉದ್ದ ಕಾವಿನ, 1.6 ಕೆಜಿ ತಲೆಯ ದೊಡ್ಡ ಕೊಡಲಿ 12 ಮೀಟರ್ ವೇಗದಲ್ಲಿ ಬಂದರೆ 115 ಜೌಲ್. ಆರು ಪಟ್ಟು! ಕಾವು ಉದ್ದವಾದಷ್ಟೂ ತಲೆ ದೊಡ್ಡ ಸುತ್ತಿನಲ್ಲಿ ತಿರುಗುತ್ತದೆ, ಅದಕ್ಕೇ ವೇಗ ಜಾಸ್ತಿ. ಸಣ್ಣ ಕೊಡಲಿಯನ್ನು ಎಷ್ಟೇ ಜೋರಾಗಿ ಬೀಸಿದರೂ ಈ ಅಂತರ ತುಂಬುವುದಿಲ್ಲ. ತೋಳು ಸೋಲುತ್ತದೆ, ಗುರಿ ತಪ್ಪುತ್ತದೆ.

ಇನ್ನೊಂದು ಕಾರಣ ನಮ್ಮ ಊರಿನ ಮರಗಳೇ. ಅಂಗಡಿಯಲ್ಲಿ ಸಿಗುವ ಕ್ಯಾಂಪಿಂಗ್ ಕೊಡಲಿಗಳ ವಿನ್ಯಾಸ ಹೆಚ್ಚಾಗಿ ಚಳಿ ದೇಶದ್ದು. ಅಲ್ಲಿ ಕಡಿಯುವುದು ಪೈನ್‌ನಂಥ ಮೆದು ಮರ, ನೀರಿನ ಅರ್ಧದಷ್ಟು ಸಾಂದ್ರತೆ. ನಮ್ಮ ಕಡೆ ಜಾಲಿ, ಬಳ್ಳಾರಿ ಜಾಲಿ, ದಿಂಡಿಗ. ಹಿರಿಯೂರಿನ ಕಡೆ ಕಾಣುವ ಕಮರ ಮರದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಅದಂತೂ ಒಣಗಿದ ಮೇಲೂ ನೀರಿನಲ್ಲಿ ಮುಳುಗುತ್ತದೆ. ಇಂಥ ಮರಕ್ಕೆ 20 ಡಿಗ್ರಿ ಕೋನದ ತೆಳು ಬಾಯಿ ತಂದರೆ ಚಕ್ಕೆ ಹಾರುವುದು ಸಹಜ. 30 ಡಿಗ್ರಿಯಷ್ಟು ಇರಲಿ, ಕೆನ್ನೆ, ಅಂದರೆ ಬಾಯಿಯ ಹಿಂದಿನ ಎರಡು ಪಕ್ಕ, ಸ್ವಲ್ಪ ಉಬ್ಬಿರಲಿ. ಕೆನ್ನೆ ಉಬ್ಬಿದ್ದರೆ ಕೊಡಲಿ ಮರದಲ್ಲಿ ಕಚ್ಚಿಕೊಂಡು ಕೂರುವುದೂ ಕಡಿಮೆ.

ಎರಡನೇ ಕೊಡಲಿಯನ್ನು ನಾನು ದಾವಣಗೆರೆಯ ಒಂದು ಕುಲುಮೆಯಲ್ಲಿ ಮಾಡಿಸಿದೆ. ಕಬ್ಬಿಣ ಲಾರಿಯದು. ಚಕ್ರದ ಮೇಲೆ ಬಿಲ್ಲಿನ ಹಾಗೆ ಬಾಗಿರುತ್ತದಲ್ಲ, ಆ ಪಟ್ಟಿ. ಹೆದ್ದಾರಿ ಪಕ್ಕದ ಊರಲ್ಲಿ ಅದಕ್ಕೆ ಬರ ಇಲ್ಲ. ಅದರಲ್ಲಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ, ಹದ ಹಿಡಿಯುವುದಕ್ಕೆ ಅದು ಬೇಕೇ ಬೇಕು. ಕಿಟಕಿ ಸರಳಿನಂಥ ಸಾದಾ ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಗಟ್ಟಿಯಾಗದು.

ಕುಲುಮೆಯೊಳಗೆ ಬೆಳಕು ಕಡಿಮೆ ಇತ್ತು. ಅದು ಬೇಕಂತಲೇ. ಕಾದ ಉಕ್ಕಿನ ಬಣ್ಣ ಬಿಸಿಲಲ್ಲಿ ಸರಿಯಾಗಿ ಕಾಣುವುದಿಲ್ಲ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾಯಿಸಿ, ಕಮ್ಮಾರರು ಬಾಯಿಯ ಭಾಗವನ್ನಷ್ಟೇ ಅದ್ದಿದರು. ಆ ಕ್ಷಣ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಕಲ್ಲಿನಿಂದ ಉಜ್ಜಿ ಹೊಳಪು ಮಾಡಿ, "ಈಗ ನೋಡ್ರೀ" ಅಂದರು. ತಲೆಯಲ್ಲಿ ಉಳಿದಿದ್ದ ಬಿಸಿ ಮೆಲ್ಲಗೆ ಬಾಯಿಯ ಕಡೆ ಬರತೊಡಗಿತು. ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಹರಿಯಿತು. ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ. ನೇರಳೆ ತುದಿ ಮುಟ್ಟುತ್ತಿದ್ದ ಹಾಗೇ ಚುಯ್ ಅಂತ ನೀರಿಗೆ ಹಾಕಿದರು.

ಆ ಬಣ್ಣ ಉಕ್ಕಿನದಲ್ಲ. ಮೇಲೆ ಕಟ್ಟುವ ತೀರಾ ತೆಳುವಾದ ಆಕ್ಸೈಡ್ ಪೊರೆಯದು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಡೀಸೆಲ್ ಹರಡಿ ಬಣ್ಣಬಣ್ಣ ಕಾಣುತ್ತದಲ್ವಾ, ಅದೇ ಕಾರಣ. ಬಿಸಿ ಏರಿದಂತೆ ಪೊರೆ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. ಒಣಹುಲ್ಲಿನ ಬಣ್ಣ ಅಂದರೆ 220, 230 ಡಿಗ್ರಿ, ನೇರಳೆ ಅಂದರೆ 280ರ ಆಸುಪಾಸು. ಚಾಕುವಿಗೆ ಹುಲ್ಲಿನ ಬಣ್ಣ ಸಾಕು. ಏಟು ತಿನ್ನುವ ಕೊಡಲಿಗೆ ನೇರಳೆವರೆಗೆ ಬರಬೇಕು, ಗಡಸುತನ ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆ ಪಡೆಯಬೇಕು. ಥರ್ಮಾಮೀಟರ್ ಇಲ್ಲದೆ, ಬರೀ ಕಣ್ಣಳತೆಯಲ್ಲಿ ಅವರು ಇದನ್ನು ಮಾಡುವುದು ನೋಡಿ ನನಗೆ ಮಾತೇ ಹೊರಡಲಿಲ್ಲ.

ಈ ನೆಲಕ್ಕೂ ಕೊಡಲಿಗೂ ನಂಟು ಹಳೆಯದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದಾಗ ಕೆಳಪದರದಲ್ಲಿ ಸಿಕ್ಕಿದ್ದು ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿಗಳು. ಆ ಕಾಲದ ಬದುಕಿಗೆ ಅವರು ಕೊಟ್ಟ ಹೆಸರೂ ಬ್ರಹ್ಮಗಿರಿಯ ಕಲ್ಲುಕೊಡಲಿ ಸಂಸ್ಕೃತಿ ಅಂತಲೇ. ಅದರ ಮೇಲಿನ ಬೃಹತ್ ಶಿಲಾಯುಗದ ಪದರದಲ್ಲಿ ಕಬ್ಬಿಣ ಬರುತ್ತದೆ. ಕಲ್ಲು ಹೋಗಿ ಕಬ್ಬಿಣ ಬಂದರೂ ಬೆಣೆಯ ಆಕಾರ ಹಾಗೇ ಉಳಿಯಿತು.

ಕೊಳ್ಳುವಾಗ ಏನು ನೋಡಬೇಕು? ಒಟ್ಟು ತೂಕ 700ರಿಂದ 900 ಗ್ರಾಂ, ಉದ್ದ 35 ಸೆಂ.ಮೀ. ಸುತ್ತಮುತ್ತ ಇದ್ದರೆ ಬ್ಯಾಗಿಗೆ ಭಾರವಿಲ್ಲ, ಕೆಲಸಕ್ಕೂ ಬರುತ್ತದೆ. ಇನ್ನೂ ಹಗುರ ಬೇಕು ಅಂತ ಆಸೆಪಡಬೇಡಿ. ಅಡ್ಡಕ್ಕೆ ಕತ್ತರಿಸಲು ಒಂದು ಮಡಚುವ ಗರಗಸ ಇಟ್ಟುಕೊಳ್ಳಿ. ಗರಗಸದಿಂದ ತುಂಡು ಮಾಡಿ, ಕೊಡಲಿಯಿಂದ ಸೀಳಿ. ಹಿಂಬದಿಗೆ ಕಟ್ಟಿಗೆಯಿಂದ ಮಾತ್ರ ಬಡಿಯಿರಿ. ಸುತ್ತಿಗೆ ಬೇಡ, ಉಕ್ಕಿಗೆ ಉಕ್ಕು ತಾಗಿ ಚೂರು ಕಣ್ಣಿಗೆ ಹಾರೀತು.

ತುಂಬಾ ದಪ್ಪ ಸೀಳಿ ಬಿಟ್ಟುಬಿಡುವವರೇ ಜಾಸ್ತಿ. 10 ಸೆಂ.ಮೀ. ಚೌಕದ, 30 ಸೆಂ.ಮೀ. ಉದ್ದದ ತುಂಡಿನ ನಾಲ್ಕು ಪಕ್ಕ ಸೇರಿ 1200 ಚದರ ಸೆಂ.ಮೀ. ಅದನ್ನೇ 16 ಸೀಳು ಮಾಡಿದರೆ 4800. ಗಾಳಿಗೂ ಬೆಂಕಿಗೂ ನಾಲ್ಕು ಪಟ್ಟು ಜಾಗ ಸಿಕ್ಕಿತು. ದಾವಣಗೆರೆಯಲ್ಲಿ ಕಟ್ಟಿಗೆ ಒಲೆಯ ಮೇಲೆ ಬೆಣ್ಣೆ ದೋಸೆ ಹುಯ್ಯುವವರು ಉರಿ ಏರಿಸಬೇಕಾದಾಗ ಒಲೆಗೆ ಯಾವ ಕಟ್ಟಿಗೆ ತಳ್ಳುತ್ತಾರೆ, ಗಮನಿಸಿ.

ಅಪಾಯದ ಮಾತು ನಿಧಾನವಾಗಿ ಹೇಳಬೇಕು. ಸಣ್ಣ ಕೊಡಲಿ ನಿರುಪದ್ರವಿ ಅನ್ನಿಸುತ್ತದೆ, ಆದರೆ ನಿಂತು ಬೀಸುವವರಿಗೆ ದೊಡ್ಡದಕ್ಕಿಂತ ಅದೇ ಕೆಟ್ಟದ್ದು. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಸಾಮಾನ್ಯವಾಗಿ ಮುಂದಿನ ನೆಲಕ್ಕೆ ಬೀಳುತ್ತದೆ. ಗಿಡ್ಡ ಕಾವಿನದು ಸುತ್ತಿಕೊಂಡು ನಮ್ಮ ಮೊಣಕಾಲಿಗೇ ಬರುತ್ತದೆ. ಅದಕ್ಕೇ ಮಂಡಿಯೂರಿ ಕೂತು, ಮುಂದೆ ಒಂದು ದಪ್ಪ ಕೊರಡು ಇಟ್ಟು, ಅದರ ಮೇಲೆ ಕೆಲಸ ಮಾಡಿ. ತಪ್ಪಿದ ಏಟು ಕೊರಡಿಗೋ ಮಣ್ಣಿಗೋ ಹೋಗುತ್ತದೆ. ತೋಳು ಚಾಚಿ ಕೊಡಲಿ ಹಿಡಿದು ಸುತ್ತ ತಿರುಗಿದರೆ ಎಷ್ಟು ಜಾಗ ಬರುತ್ತದೋ ಅಷ್ಟರೊಳಗೆ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ.

ಜೋಗಿಮಟ್ಟಿಗೋ ಜಗಳೂರಿನ ರಂಗಯ್ಯನದುರ್ಗಕ್ಕೋ ಹೋಗುವವರು ಕೊಡಲಿಯನ್ನು ಮನೆಯಲ್ಲೇ ಬಿಡಿ. ಎರಡೂ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಒಳಗೆ ಕಾಲಿಡುವಂತಿಲ್ಲ. ಅಲ್ಲಿ ಬಿದ್ದ ಒಣ ಕೊಂಬೆಯೂ ಗೆದ್ದಲು, ಹಲ್ಲಿ, ಹಕ್ಕಿಗಳ ಪಾಲು. ಕೊಡಲಿ ಏನಿದ್ದರೂ ಸ್ವಂತ ತೋಟಕ್ಕೆ, ಇಲ್ಲವೇ ಒಪ್ಪಿಗೆ ಕೊಟ್ಟವರ ಹೊಲಕ್ಕೆ.

ಕೊನೆಗೆ ಕಾವು. ಕೊಡಲಿ ಕಾವು ಕುಲಕ್ಕೆ ಮೂಲ ಅನ್ನುತ್ತಾರಲ್ಲ, ಆ ಕಾವಿಗೆ ನಮ್ಮ ಕಡೆ ದಿಂಡಿಗ ಒಳ್ಳೆಯದು, ಗಟ್ಟಿ ಇದ್ದೂ ಬಳುಕುತ್ತದೆ. ಎಳೆಗಳು ಹಿಡಿಯಿಂದ ತಲೆವರೆಗೆ ಉದ್ದಕ್ಕೂ ಓಡಿರಬೇಕು, ಮಧ್ಯದಲ್ಲಿ ಪಕ್ಕಕ್ಕೆ ಹರಿದಿದ್ದರೆ ಅಲ್ಲೇ ಮುರಿಯುತ್ತದೆ. ಬೇಸಿಗೆಯ ಒಣ ಗಾಳಿಗೆ ಕಾವು ಕುಗ್ಗಿ ತಲೆ ಅಲ್ಲಾಡುತ್ತದೆ. ಆಗ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವುದು ರೂಢಿ. ಮರ ಉಬ್ಬಿ ಬಿಗಿಯಾಗುವುದು ನಿಜ. ಆದರೆ ಸುತ್ತ ಉಕ್ಕು ಇರುವುದರಿಂದ ಉಬ್ಬಲು ಜಾಗವಿಲ್ಲದೆ ಎಳೆಗಳು ಒಳಗೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಮೊದಲಿಗಿಂತ ಜಾಸ್ತಿ ಸಡಿಲ. ನೀರಿನ ಬದಲು ಅಗಸೆ ಎಣ್ಣೆ ಹಚ್ಚಿ. ಅದು ಗಾಳಿಯ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೊಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ತಂತಿಯ ಮೇಲೆ ಒಣಹಾಕಿ.