ಸ್ವಿಚ್ ಬೋರ್ಡಿನಿಂದ ಗಾಳಿ ಬರುತ್ತದೆಯೇ? ಅಟ್ಟಕ್ಕೆ ಹತ್ತಿ ನೋಡಿ

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಹಂಚಿನ ಮನೆಗೆ ಹೋಗಿದ್ದೆ. "ಅಣ್ಣಾ, ಬೋರ್ಡಿನ ಸಂದಿಯಿಂದ ಗಾಳಿ ಬರ್ತದೆ. ಬಟ್ಟೆ ತುರುಕಿದ್ದೇನೆ, ಆದ್ರೂ ನಿಲ್ಲುದಿಲ್ಲ" ಎಂದರು ಮನೆಯ ಅಕ್ಕ. ಬಿಚ್ಚಿ ನೋಡಿದರೆ ಬಟ್ಟೆ ಒದ್ದೆ, ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು. ಕಿಲುಬು ಹಿಡಿದ ಜೋಡಣೆ ಬಿಸಿಯಾಗುತ್ತದೆ, ಪಕ್ಕದಲ್ಲೇ ಬಟ್ಟೆ. ನನಗೆ ಎದೆ ಧಸಕ್ಕೆಂದಿತು.

ನಮ್ಮ ಕಡೆ ಈ ಗಾಳಿ ಚಳಿಗಿಂತ ಜಾಸ್ತಿ ತೇವ ತರುತ್ತದೆ. ವೈರಿನ ಪೈಪು ಅಟ್ಟಕ್ಕೆ ಹೋಗಿ ಅಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಹಂಚಿನ ಸಂದಿಯಿಂದ ನುಗ್ಗಿದ ಮಳೆಗಾಳಿ ಆ ಪೈಪಿನಲ್ಲೇ ಇಳಿದು ಬೋರ್ಡಿಗೆ ಬರುತ್ತದೆ. ಏಸಿ ಕೋಣೆಯಾದರೆ ಇನ್ನೂ ಕಷ್ಟ. ತಣ್ಣಗಿರುವ ಬೋರ್ಡಿನ ಪೆಟ್ಟಿಗೆಗೆ ತೇವದ ಗಾಳಿ ತಾಗಿ ಒಳಗೇ ನೀರು ಹನಿಗಟ್ಟುತ್ತದೆ.

ಹಾಗಾಗಿ ಮುಚ್ಚಬೇಕಾದ್ದು ಪೈಪಿನ ಮೇಲಿನ ಬಾಯಿ, ಬೋರ್ಡಿನ ಹೊಟ್ಟೆಯಲ್ಲ. ಮೊದಲು ಬೋರ್ಡಿನ ಮುಂದೆ ಊದುಬತ್ತಿ ಹಿಡಿಯಿರಿ, ಹೊಗೆ ಅಲ್ಲಾಡುವ ಕಡೆಯೇ ಗಾಳಿಯ ದಾರಿ. ಆಮೇಲೆ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರನ್ನೂ ಆಫ್ ಮಾಡಿ, ತುಂಬಾ ಜನ ಮರೆಯುವುದು ಅದನ್ನೇ. ಮೇನ್ ಇಳಿಸುವ ಮೊದಲು, ಕರೆಂಟು ಇರುವಾಗಲೇ ಟೆಸ್ಟರ್ ಉರಿಯುತ್ತದೆಯೇ ಅಂತ ಒಮ್ಮೆ ನೋಡಿಟ್ಟುಕೊಳ್ಳಿ. ಕೆಟ್ಟ ಟೆಸ್ಟರನ್ನು ನಂಬಿ ಕೈ ಹಾಕಬಾರದು ಅಲ್ವಾ?

ಪೈಪಿನ ಬಾಯಿಗೆ ಗಟ್ಟಿಯಾಗದ ಡಕ್ಟ್ ಸೀಲ್ ಪುಟ್ಟಿ ಒತ್ತಿದರೆ ಸಾಕು. ಮುಂದೆ ವೈರ್ ಎಳೆಯಬೇಕಾದರೆ ಕೈಯಲ್ಲೇ ಕಿತ್ತು ತೆಗೆಯಬಹುದು. ಅಟ್ಟದ ಜಂಕ್ಷನ್ ಬಾಕ್ಸಿಗೆ ಮುಚ್ಚಳ ಇದೆಯೇ ಅಂತಲೂ ನೋಡಿ. ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಗೆ ವಾಲ್ ಪುಟ್ಟಿ ಆಗುತ್ತದೆ.

ಉಬ್ಬುವ ಫೋಮನ್ನು ಮಾತ್ರ ಪೆಟ್ಟಿಗೆಯೊಳಗೆ ಹೊಡೆಯಬೇಡಿ. ಅದು ಬೆಂಕಿ ಹಿಡಿಯುವ ವಸ್ತು. ನಾವು ಹಾಕುವ ಸಾಮಾನ್ಯ ಪಿವಿಸಿ ವೈರು 70 ಡಿಗ್ರಿವರೆಗಿನ ಬಿಸಿಗೆ ಮಾಡಿದ್ದು, ಸುತ್ತ ಫೋಮ್ ತುಂಬಿದರೆ ಆ ಬಿಸಿ ಹೊರಗೆ ಹೋಗುವುದಿಲ್ಲ. ಥರ್ಮಾಕೋಲೂ ಬೇಡ. ಅದು ತಾಗಿಕೊಂಡೇ ಇದ್ದರೆ ವೈರಿನ ಹೊದಿಕೆ ಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ. ಹೊರಗೋಡೆಯ ಪೆಟ್ಟಿಗೆಯ ತಳದಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತನ್ನು ಹಾಗೇ ಬಿಡಿ.

ಬೋರ್ಡ್ ಮುಟ್ಟಿದರೆ ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ ಗಾಳಿಯ ವಿಷಯ ಆಮೇಲೆ. ಆ ಬೋರ್ಡಿನ ಲೈನಿನ ಎಂಸಿಬಿ ಸ್ವಿಚ್ ಇಳಿಸಿ, ಪರ್ಮಿಟ್ ಇರುವ ವಯರ್‌ಮನ್ ಬಂದು ನೋಡುವ ತನಕ ಅದನ್ನು ಏರಿಸಬೇಡಿ.